ಕೇರಿಗೆ ಜೈಲು, ಊರಿಗೆ ರಾಜಿ

ಬಂಗಾರಪೇಟೆ ರೈಲ್ವೆ ಸ್ಟೇಷನ್ನಿನ ಹೊರಗಡೆ ಒಂದು ಟೀ ಅಂಗಡಿ. ಮಾರಿಕುಪ್ಪಂನಿಂದ ಹೊರಟ ರೈಲು ಬೆಳಗಿನ ಹೊತ್ತು ಕೆ.ಜಿ.ಎಫ್. ಜನರನ್ನು ಹೊತ್ತುಕೊಂಡು ಇಲ್ಲಿಗೆ ಬಂದು, ಇಲ್ಲಿಂದ ಬೆಂಗಳೂರಿಗೆ ಹೋಗುತ್ತದೆ. ಅಜ್ಜ ಚಿನ್ನ ಅಗೆದ. ಅಪ್ಪ ಚಿನ್ನ ಅಗೆದ. ಮೊಮ್ಮಗ ಬೆಂಗಳೂರಿನ ಯಾವುದೋ ಕಟ್ಟಡದ ಗೇಟಿನಲ್ಲಿ ಸೆಕ್ಯುರಿಟಿಯಾಗಿ ನಿಲ್ಲುತ್ತಾನೆ. ಆ ಟೀ ಅಂಗಡಿಯಲ್ಲಿ ಒಂದೇ ವಾರದಲ್ಲಿ ನಾನು ಕೇಳಿಸಿಕೊಂಡ ಎರಡು ತೀರ್ಪುಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು. ಹಳೇ ಗಣಿಯ ಕಡೆ ತಾಮ್ರದ ತಂತಿ ಕದ್ದ ಅಂತ ಒಬ್ಬ ಹುಡುಗನನ್ನು ಹಿಡಿದಿದ್ದರು. ಹದಿನೆಂಟೋ ಹತ್ತೊಂಬತ್ತೋ ವಯಸ್ಸು. ಹಿಡಿದವರು ಮೊದಲು ತಾವೇ ನಾಲ್ಕು ಬಿಗಿದು ಆಮೇಲೆ ಪೊಲೀಸರಿಗೆ ಕೊಟ್ಟಿದ್ದರು. ಟೀ ಕುಡಿಯುತ್ತಿದ್ದವರು ಹೇಳಿದರು: "ಇಂಥೋರ್‍ನ ಬಿಡಬಾರ್ದು ಸ್ವಾಮಿ. ಒಳಗಾಕಿ ವರ್ಷಗಟ್ಲೆ ಮುದ್ದೆ ಮುರಿಸ್ಬೇಕು. ಆವಾಗ್ಲೇ ಬುದ್ಧಿ ಬರೋದು."

ಎರಡನೆಯದು. ಹತ್ತಿರದ ಒಂದು ಹಳ್ಳಿಯಲ್ಲಿ, ಟೊಮೇಟೊ ಬಿಡಿಸಿದ ಬಾಕಿ ಕೂಲಿ ಕೇಳಲು ಹೋದ ನಮ್ಮ ಕೇರಿಯ ಹೆಂಗಸಿನ ಕೈ ಮುರಿದಿದ್ದರು. ಜಾತಿ ಹಿಡಿದು ಬೈದು, ಜುಟ್ಟು ಹಿಡಿದು ಎಳೆದು, ದೊಣ್ಣೆಯಲ್ಲಿ ಹೊಡೆದಿದ್ದರು. ಆಕೆ ಪೊಲೀಸ್ ಠಾಣೆಗೆ ಹೋಗಿದ್ದಳು. ಅದೇ ಬೆಂಚು, ಅದೇ ಜನ, ಅದೇ ಟೀ. "ಪಾಪ, ಮನೆತನಸ್ಥರು. ಕೋಪದಲ್ಲಿ ಒಂದೇಟು ಬಿದ್ದಿರ್ಬೇಕು. ಅಷ್ಟಕ್ಕೇ ಕೇಸು ಗೀಸು ಅಂದ್ರೆ? ಒಂದೂರಲ್ಲಿ ಬಾಳ್ಬೇಕಾದೋರು. ಕೂತ್ಕೊಂಡು ರಾಜಿ ಮಾಡ್ಕೊಂಡ್ರೆ ಮುಗೀತು."

ಗೆಳೆಯರೇ, ಇದನ್ನು ಟೀ ಅಂಗಡಿಯ ಹರಟೆ ಅಂತ ತಳ್ಳಿಹಾಕಬೇಡಿ. ಈ ದೇಶದ ಬರೆಯದ ದಂಡಸಂಹಿತೆ ಇದೇ. ಅದರಲ್ಲಿ ಇರುವುದು ಎರಡೇ ಕಲಂ. ಕೇರಿಯವನು ತಪ್ಪು ಮಾಡಿದರೆ ಜೈಲು. ಊರಿನವನು ತಪ್ಪು ಮಾಡಿದರೆ ರಾಜಿ. ಇದಕ್ಕೆ ನಾವು ‘ಸಾರ್ವಜನಿಕ ಅಭಿಪ್ರಾಯ’ ಅಂತ ಮರ್ಯಾದೆಯ ಹೆಸರಿಟ್ಟಿದ್ದೇವೆ.

*

ಈಗ ಸೆಮಿನಾರುಗಳಲ್ಲಿ ಒಂದು ಹೊಸ ಮಾತು ಕೇಳಿಬರುತ್ತಿದೆ. ಜೈಲು ಅಮಾನವೀಯ, ಜೈಲಿಗೆ ಬದಲಾಗಿ ಪುನಃಸ್ಥಾಪನಾ ನ್ಯಾಯ ಬೇಕು ಎನ್ನುವ ಮಾತು. ಪಂಡಿತರ ಪದವನ್ನು ಬಿಟ್ಟು ನಮ್ಮ ಬಾಯಿಗೆ ಬರುವ ಹಾಗೆ ಹೇಳುವುದಾದರೆ, ಮುರಿದದ್ದನ್ನು ಕಟ್ಟಿಕೊಡುವ ನ್ಯಾಯ. ತಪ್ಪು ಮಾಡಿದವನು, ತಪ್ಪಿಗೆ ತುತ್ತಾದವನು, ಸುತ್ತಲಿನ ಜನ ಎದುರುಬದುರು ಕೂರಬೇಕು. ಏನಾಯ್ತು ಅಂತ ಬಾಯಿಬಿಟ್ಟು ಹೇಳಬೇಕು. ಹಾಳಾದದ್ದನ್ನು ಹಾಳು ಮಾಡಿದವನೇ ಸರಿಪಡಿಸಬೇಕು. ನ್ಯೂಜಿಲೆಂಡಿನಲ್ಲಿ 1989ರಲ್ಲಿ ಇದು ಮಕ್ಕಳ ವಿಷಯದಲ್ಲಿ ಕಾನೂನೇ ಆಯಿತು. ತಮ್ಮ ಮಕ್ಕಳನ್ನು ಬಿಳಿಯರ ಸರ್ಕಾರ ಹಿಡಿದು ಕೂಡಿಹಾಕುತ್ತಿದೆ ಎಂದು ಅಲ್ಲಿನ ಮೂಲನಿವಾಸಿ ಮಾವೋರಿಗಳು ದನಿ ಎತ್ತಿದ್ದರಿಂದ ಬಂದ ಕಾನೂನು ಅದು. ತುಳಿಸಿಕೊಂಡವರು ಕೇಳಿ ಪಡೆದದ್ದು.

ನಮ್ಮ ದೇಶದಲ್ಲಿ ಅದೇ 1989ರಲ್ಲಿ ಯಾವ ಕಾನೂನು ಬಂತು? ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ. ನಮ್ಮನ್ನು ಹೊಡೆದವನು ಜೈಲಿಗೆ ಹೋಗಲಿ ಎಂದು ನಾವು ಕೇಳಬೇಕಾಯಿತು. ಯಾಕೆಂದರೆ ‘ಎದುರುಬದುರು ಕೂತು ಮಾತಾಡುವ’ ನ್ಯಾಯವನ್ನು ನಾವು ಸಾವಿರಾರು ವರ್ಷ ನೋಡಿದ್ದೆವು. ಆ ನ್ಯಾಯದಲ್ಲಿ ಅವರು ಕಟ್ಟೆಯ ಮೇಲೆ ಕೂರುತ್ತಿದ್ದರು. ನಾವು ಕಟ್ಟೆಯ ಕೆಳಗೆ, ಟವೆಲ್ಲು ಕಂಕುಳಿಗೆ ಸಿಕ್ಕಿಸಿಕೊಂಡು ನಿಂತಿರುತ್ತಿದ್ದೆವು.

ಆದ್ದರಿಂದ ಕಟ್ಟಿಕೊಡುವ ನ್ಯಾಯದ ಬಗ್ಗೆ ನಮ್ಮ ಅಭಿಪ್ರಾಯ ಏನು ಅಂತ ಕೇಳುವವರಿಗೆ ನನ್ನ ಮೊದಲ ಪ್ರಶ್ನೆ: ಸ್ವಾಮೀ, ಯಾರು ಎಲ್ಲಿ ಕೂರುತ್ತಾರೆ?

*

ಊರ ಕಟ್ಟೆಯ ನ್ಯಾಯ ಹಳೇ ಕಾಲದ್ದು ಅನ್ನುವವರು ಬಂಗಾರಪೇಟೆಯ ಪಕ್ಕದ ಮಾಲೂರು ತಾಲ್ಲೂಕಿಗೆ ಬರಲಿ. 2022ರ ಸೆಪ್ಟೆಂಬರ್. ಉಳ್ಳೇರಹಳ್ಳಿ. ದೇವರ ಉತ್ಸವ ನಡೆಯುತ್ತಿತ್ತು. ಶಾಲೆಗೆ ಹೋಗುವ ಒಬ್ಬ ದಲಿತ ಹುಡುಗ ದೇವರ ಗುಜ್ಜುಕೋಲು ಮುಟ್ಟಿದ. ಊರಿನ ಹಿರಿಯರು ಸೇರಿದರು. ಪಂಚಾಯ್ತಿ ಆಯಿತು. ತೀರ್ಪೂ ಆಯಿತು: 60 ಸಾವಿರ ರೂಪಾಯಿ ದಂಡ. ಕಟ್ಟದಿದ್ದರೆ ಊರು ಬಿಡಬೇಕು. ದೇವರನ್ನು ಶುದ್ಧಿ ಮಾಡಬೇಕಲ್ಲ, ಅದಕ್ಕೆ ಖರ್ಚು.

ಇದನ್ನು ಸರಿಯಾಗಿ ನೋಡಿ. ಜೈಲಿಲ್ಲ, ಪೊಲೀಸರಿಲ್ಲ, ವಕೀಲರಿಲ್ಲ. ಸಮುದಾಯ ಕೂತಿದೆ. ‘ಹಾನಿ’ ಗುರುತಿಸಿದೆ. ‘ಪರಿಹಾರ’ ಗೊತ್ತು ಮಾಡಿದೆ. ಪುನಃಸ್ಥಾಪನೆಯೂ ಇದೆ. ಯಾವುದರ ಪುನಃಸ್ಥಾಪನೆ? ಮೈಲಿಗೆಯಾದ ದೇವರದ್ದು, ಅಲುಗಾಡಿದ ಜಾತಿಯದ್ದು. ಪುಸ್ತಕದಲ್ಲಿರುವ ಎಲ್ಲ ಅಂಗಗಳೂ ಇವೆ, ನ್ಯಾಯ ಒಂದನ್ನು ಬಿಟ್ಟು. ಕೂಲಿ ಮಾಡಿ ಬದುಕುವ ಆ ಹುಡುಗನ ತಾಯಿ ಮೆಟ್ಟಿಲು ಹತ್ತಿದ್ದು ಮಾಸ್ತಿ ಪೊಲೀಸ್ ಠಾಣೆಯದ್ದು. ಕೇಸು ಬಿತ್ತು. ಬಂಧನವಾಯಿತು. ಅಧಿಕಾರಿಗಳು ಬಂದು ಆ ಕುಟುಂಬವನ್ನು ಗುಡಿಯ ಒಳಗೆ ಕರೆದೊಯ್ದರು. ಮನೆಯ ಗೋಡೆಯಿಂದ ದೇವರ ಪಟಗಳು ಇಳಿದವು. ಅಂಬೇಡ್ಕರ್ ಪಟ ಏರಿತು.

1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹಳ್ಳಿಯನ್ನು ಹೊಗಳುವವರ ಬಾಯಿ ಮುಚ್ಚಿಸಿದ್ದು ಯಾಕೆ ಎಂದು ಅರ್ಥವಾಗದವರು ಉಳ್ಳೇರಹಳ್ಳಿಯಿಂದ ಕಲಿಯಬಹುದು.

*

ಇನ್ನು ‘ರಾಜಿ’. ಅದು ಹೇಗೆ ಹುಟ್ಟುತ್ತದೆ ಎಂದು ಸೆಮಿನಾರಿನವರಿಗೆ ಗೊತ್ತಿಲ್ಲ. ನಮಗೆ ಗೊತ್ತು. ಮೇಲೆ ಹೇಳಿದ ಕೈ ಮುರಿದ ಹೆಂಗಸಿನ ವಿಷಯವನ್ನೇ ಹೇಳುತ್ತೇನೆ. ಕೇಸು ಹಾಕಿದ ಮೂರನೇ ದಿನ ಅವಳ ಗಂಡನ ಮೇಲೆ ಕೌಂಟರ್ ಕೇಸು ಬಿತ್ತು, ತೋಟಕ್ಕೆ ನುಗ್ಗಿ ಗಲಾಟೆ ಮಾಡಿದ ಅಂತ. ಐದನೇ ದಿನದಿಂದ ಕೇರಿಯ ಕಡೆಗೆ ನೀರು ಬಿಡುವವನ ಕೈಯಲ್ಲಿ ವಾಲ್ವ್ ತಿರುಗಲಿಲ್ಲ. ಡೇರಿಯಲ್ಲಿ ಅವಳ ಒಂದು ಹಸುವಿನ ಹಾಲು ‘ನೀರು ನೀರಾಗಿದೆ’ ಅಂತ ವಾಪಸ್ಸು ಬಂತು. ಟೊಮೇಟೊ ಬಿಡಿಸೋಕೆ ಹೊರಗಿನ ಕೂಲಿಯವರು ಟೆಂಪೋದಲ್ಲಿ ಬಂದಿಳಿದರು. ಹದಿನೈದನೇ ದಿನ ಕೇರಿಯ ನಮ್ಮವನೇ ಒಬ್ಬ ಯಜಮಾನ ಬಂದು ಹೇಳಿದ: "ನೋಡವ್ವಾ, ನಿನ್ನೊಬ್ಳಿಂದ ಇಡೀ ಕೇರಿ ಉಪವಾಸ ಬೀಳ್ತೈತೆ. ಗೆದ್ದೋನು ಸೋತ, ಸೋತೋನು ಸತ್ತ ಅಂತಾರೆ. ಇಪ್ಪತ್ತೈದು ಸಾವಿರ ಕೊಡಿಸ್ತೀವಿ. ಹೆಬ್ಬೆಟ್ಟು ಒತ್ತಿಬಿಡು."

ರಾಜಿ ಅಂದರೆ ಇದು, ಹಸಿವನ್ನು ಮುಂದೆ ಬಿಟ್ಟು ಹಿಂದಿನಿಂದ ಬರುವ ಕೈ. ಮೊದಲ ಏಟು ಮೈ ಮೇಲೆ ಬೀಳುತ್ತದೆ. ಎರಡನೇ ಏಟು ಹೆಬ್ಬೆಟ್ಟಿನ ಮೇಲೆ ಬೀಳುತ್ತದೆ. ಸಾಮಾಜಿಕ ಬಹಿಷ್ಕಾರವೇ ಒಂದು ಅಪರಾಧ ಎಂದು ದೌರ್ಜನ್ಯ ತಡೆ ಕಾಯ್ದೆಗೆ 2015ರ ತಿದ್ದುಪಡಿ ಸೇರಿಸಿತು. ಸಂತ್ರಸ್ತರಿಗೂ ಸಾಕ್ಷಿಗಳಿಗೂ ರಕ್ಷಣೆಯ ಹಕ್ಕು ಬರೆಯಿತು. ಆದರೆ ತಿರುಗದ ವಾಲ್ವಿಗೆ, ವಾಪಸ್ಸು ಬಂದ ಹಾಲಿಗೆ ಸಾಕ್ಷಿ ಹೇಳುವವರು ಯಾರು? 2021ರಲ್ಲಿ ಸುಪ್ರೀಂ ಕೋರ್ಟು, ಈ ಕಾಯ್ದೆಯ ಕೆಲವು ಬಗೆಯ ಕೇಸುಗಳನ್ನು ಎರಡೂ ಕಡೆಯವರು ರಾಜಿಯಾದರೆ ರದ್ದು ಮಾಡಬಹುದು, ಆದರೆ ಬಲವಂತ ಇಲ್ಲವೆಂದು ಎಚ್ಚರದಿಂದ ನೋಡಬೇಕು ಎಂದಿತು. ಎಚ್ಚರ ಸರಿ. ಬಲವಂತವನ್ನು ಅಳೆಯುವುದು ಯಾವ ತಕ್ಕಡಿಯಲ್ಲಿ? ಕೋರ್ಟಿನ ಮುಂದೆ "ಸ್ವಇಚ್ಛೆಯಿಂದ ಒಪ್ಪಿದ್ದೀನಿ" ಅನ್ನುವ ಹೆಂಗಸಿನ ಹೊಟ್ಟೆ ಎಷ್ಟು ದಿನದಿಂದ ಖಾಲಿ ಇದೆ ಅನ್ನುವುದು ಅಫಿಡವಿಟ್ಟಿನಲ್ಲಿ ಬರೆದಿರುವುದಿಲ್ಲ.

ಇದೇ ಬಲವಂತ ದೊಡ್ಡದಾದರೆ ಏನಾಗುತ್ತದೆ? ಕಂಬಾಲಪಲ್ಲಿಯಾಗುತ್ತದೆ. ಆಗ ನಮ್ಮ ಕೋಲಾರ ಜಿಲ್ಲೆಗೇ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಊರು. 2000ದ ಮಾರ್ಚ್ 11ರ ರಾತ್ರಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಇಡೀ ದೇಶ ನೋಡಿತು. 2006ರಲ್ಲಿ ಕೋಲಾರದ ಕೋರ್ಟಿನಲ್ಲಿ ಆರೋಪಿಗಳು ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ತಿರುಗಿಬಿದ್ದಿದ್ದರು. ತಮ್ಮವರನ್ನೇ ಬೆಂಕಿಯಲ್ಲಿ ಕಳೆದುಕೊಂಡವರ ನಾಲಿಗೆಯೂ ಕೋರ್ಟಿನಲ್ಲಿ ಹಿಂದೆ ಸರಿಯಿತು. ಕಾಗದದ ಮೇಲೆ ಅಲ್ಲಿ ರಾಜಿ ಆಗಿರಲಿಲ್ಲ. ಆರು ವರ್ಷ ಅದೇ ಊರು, ಅದೇ ದಾರಿ, ಅದೇ ಮುಖಗಳ ನಡುವೆ ಬದುಕಬೇಕಾದವರ ಗಂಟಲಲ್ಲಿ ಆಗಿತ್ತು. ಏಳು ಹೆಣಗಳಿಗೆ ಕೊಂದವರೇ ಇಲ್ಲ! ಹಾಗಾದರೆ ಬೆಂಕಿ ತಾನೇ ನಡೆದುಕೊಂಡು ಬಂತೇ?

*

ಇಷ್ಟು ಓದಿದ ಗೆಳೆಯರು ಅನ್ನಬಹುದು: ಹಾಗಾದರೆ ಜೈಲೇ ಸರಿ. ಎಲ್ಲರನ್ನೂ ಒಳಗೆ ಹಾಕಿಸೋಣ. ನಮ್ಮ ಸಂಘಟನೆಯ ಹುಡುಗರೂ ಹಾಗೇ ಅನ್ನುತ್ತಾರೆ. ಅವರಿಗೂ ಒಂದು ಮಾತು ಹೇಳಬೇಕು. ಜೈಲಿನ ಒಳಗೆ ಯಾರಿದ್ದಾರೆ ಅಂತ ಇಣುಕಿ ನೋಡಿದ್ದೀರಾ?

ಸರ್ಕಾರದ 2022ರ ಲೆಕ್ಕದಲ್ಲಿ ಈ ದೇಶದ ಜೈಲುಗಳಲ್ಲಿದ್ದ ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳು. ಅಪರಾಧ ಸಾಬೀತೇ ಆಗದವರು. ಜಾಮೀನಿಗೆ ಆಸ್ತಿ ಇಲ್ಲದವರು, ಪಹಣಿ ಇಲ್ಲದವರು, ಶೂರಿಟಿ ನಿಲ್ಲುವ ನೆಂಟರಿಲ್ಲದವರು. ಅಂಥವರು ಹೆಚ್ಚಾಗಿ ಯಾವ ಕೇರಿಯವರು, ಯಾವ ತಾಂಡಾದವರು, ಯಾವ ಮೊಹಲ್ಲಾದವರು ಅಂತ ನಿಮಗೆ ಹೇಳಬೇಕೇ? ಆ ಜೈಲಿನೊಳಗೂ ಜಾತಿ ಇತ್ತು. ಕಸ ಗುಡಿಸುವುದು, ಕಕ್ಕಸು ತೊಳೆಯುವುದು ಇಂಥ ಜಾತಿಯವರಿಗೆ, ಅಡುಗೆ ಇಂಥ ಜಾತಿಯವರಿಗೆ ಅಂತ ಹಲವು ರಾಜ್ಯಗಳ ಜೈಲು ಕೈಪಿಡಿಯಲ್ಲೇ ಅಚ್ಚಾಗಿತ್ತು. ಪತ್ರಕರ್ತೆ ಸುಕನ್ಯಾ ಶಾಂತಾ ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ಅದನ್ನು ಅಳಿಸಿಹಾಕಿದ್ದು 2024ರ ಅಕ್ಟೋಬರ್ 3ರಂದು. ಸ್ವಾತಂತ್ರ್ಯ ಬಂದು 77 ವರ್ಷ ಆದ ಮೇಲೆ! ಊರಿನ ಹೊರಗೆ ನಮ್ಮನ್ನು ಇಟ್ಟವರು ಜೈಲಿನ ಒಳಗೂ ನಮಗೆ ಒಂದು ಕೇರಿ ಕಟ್ಟಿಕೊಟ್ಟಿದ್ದರು.

ಜೈಲು ಯಾರಿಗಾಗಿ ಹುಟ್ಟಿತು ಅನ್ನುವುದಕ್ಕೆ ಕೆ.ಜಿ.ಎಫ್.ಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ನೂರಿಪ್ಪತ್ತು ವರ್ಷದಲ್ಲಿ ಆ ನೆಲದಿಂದ ಸುಮಾರು 800 ಟನ್ ಚಿನ್ನ ತೆಗೆದರು. ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದು ಅದನ್ನು ಒಡೆದವರು ಬಹುಪಾಲು ತಮಿಳು ಸೀಮೆಯಿಂದ ಬಂದ ದಲಿತರು. ಆ ಚಿನ್ನವನ್ನು ಹಡಗಿಗೆ ಹಾಕಿ ಲಂಡನ್ನಿಗೆ ಸಾಗಿಸಿದ ಕಂಪನಿ ಕಳ್ಳನಾಗಲಿಲ್ಲ. ಚಿಟಿಕೆ ಅದಿರನ್ನು ಬಟ್ಟೆಯಲ್ಲಿ ಬಚ್ಚಿಟ್ಟುಕೊಂಡವನು ಕಳ್ಳನಾದ. ಅವನನ್ನು ಹಿಡಿಯಲು ಪ್ರತ್ಯೇಕ ಕಾನೂನು, ಕಾವಲು ಪಡೆ. ಕೆ.ಜಿ.ಎಫ್. ಒಂದು ಪ್ರತ್ಯೇಕ ಪೊಲೀಸ್ ಜಿಲ್ಲೆಯೇ ಆಯಿತು! 1930ರಲ್ಲಿ ಗಣಿ ಕಾರ್ಮಿಕರೆಲ್ಲರ ಬೆರಳಚ್ಚು ತೆಗೆಯಲು ಹೊರಟರು. ಅಪರಾಧ ಮಾಡುವ ಮೊದಲೇ ಅಪರಾಧಿಯ ಗುರುತು. ಸಾವಿರಾರು ಕಾರ್ಮಿಕರು ಕೆಲಸ ನಿಲ್ಲಿಸಿ ಬೀದಿಗೆ ಬಂದರು. ನಾವು ಕಳ್ಳರಲ್ಲ ಎಂದು ಹೇಳಲು ಮುಷ್ಕರ ಮಾಡಬೇಕಾದ ಜನ ನಾವು.

ಕಲ್ಲಿನ ಧೂಳು ಕುಡಿದು, ಸಿಲಿಕೋಸಿಸ್ ಹಿಡಿದು, ಕೆಮ್ಮಿ ಕೆಮ್ಮಿ ಸತ್ತವರ ಲೆಕ್ಕದಲ್ಲಿ ಯಾವ ಮ್ಯಾನೇಜರು ಜೈಲಿಗೆ ಹೋದ? 2001ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದಾಗ ಬೀದಿಗೆ ಬಿದ್ದ ಸಂಸಾರಗಳ ಲೆಕ್ಕದಲ್ಲಿ ಯಾವ ಮಂತ್ರಿ ಕಟಕಟೆ ಹತ್ತಿದ? 2020ರ ಮೇ ತಿಂಗಳಲ್ಲಿ, ಲಾಕ್‌ಡೌನಿನ ನಡುವೆ, ಮಾರಿಕುಪ್ಪಂನ ಮುಚ್ಚಿದ ಗಣಿಯೊಳಕ್ಕೆ ಕಳವು ಮಾಡಲು ಇಳಿದವರಲ್ಲಿ ಮೂವರು ಉಸಿರುಗಟ್ಟಿ ಸತ್ತರು. ‘ಕಳ್ಳರು ಸತ್ತರು’ ಅಂತ ಜನ ಮಾತಾಡಿಕೊಂಡರು. ಆ ನೆಲದಿಂದ 800 ಟನ್ ಹೊತ್ತೊಯ್ದವರಿಗೆ ಜನ ಏನೆಂದು ಹೆಸರಿಟ್ಟಿದ್ದಾರೆ?

*

ಹಾಗಾದರೆ ನಾನು ಹೇಳುವುದೇನು? ಒಂದೇ ಮಾತು. ಟೀ ಅಂಗಡಿಯ ತೀರ್ಪನ್ನು ತಲೆಕೆಳಗು ಮಾಡಿ.

ಬಡವನ ಕಳ್ಳತನಕ್ಕೆ ಕಟ್ಟಿಕೊಡುವ ನ್ಯಾಯ ಬೇಕು. ಇದು ಕನಸಲ್ಲ, ಕಾನೂನಿನ ಪುಸ್ತಕದಲ್ಲೇ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ನೋಡಿ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ಕಳವು, ಮೊದಲ ಸಲದ ಅಪರಾಧ, ಕದ್ದದ್ದನ್ನೋ ಅದರ ಬೆಲೆಯನ್ನೋ ವಾಪಸ್ಸು ಕೊಟ್ಟರೆ ಶಿಕ್ಷೆ ಜೈಲಲ್ಲ, ಸಮುದಾಯ ಸೇವೆ. 1958ರಷ್ಟು ಹಿಂದೆಯೇ ಪ್ರೊಬೇಷನ್ ಕಾಯ್ದೆ ಬಂದಿದೆ, ಒಳ್ಳೆಯ ನಡತೆಯ ಮೇಲೆ ಬಿಡಲು. ತಾಮ್ರದ ತಂತಿ ಕದ್ದ ಆ ಹುಡುಗನ ಪರವಾಗಿ ಇದನ್ನು ಕೇಳುವ ಬಾಯಿ ಬೇಕು, ಅಷ್ಟೇ. ಆದರೆ ಅಲ್ಲೂ ಕಣ್ಣು ತೆರೆದಿರಿ. ‘ಸಮುದಾಯ ಸೇವೆ’ ಅಂತ ನಮ್ಮ ಹುಡುಗನ ಕೈಗೆ ಪೊರಕೆ, ಬೇರೆಯವರ ಹುಡುಗನ ಕೈಗೆ ಗಿಡ ನೆಡುವ ಸಲಿಕೆ ಕೊಟ್ಟರೆ ಅದು ಹಳೇ ಜೈಲು ಕೈಪಿಡಿಯೇ, ಹೊಸ ರಟ್ಟು ಹಾಕಿಕೊಂಡು ಬಂದದ್ದು.

ಬಲವಂತನ ದೌರ್ಜನ್ಯಕ್ಕೆ ಮೊದಲು ಕಾನೂನು, ಅದರ ಜೊತೆಗೆ ಕಟ್ಟಿಕೊಡುವ ನ್ಯಾಯ. ‘ಬದಲಾಗಿ’ ಅಲ್ಲ, ‘ಜೊತೆಗೆ’. ಬರೀ ಜೈಲು ಸಾಲದು ಅನ್ನುವುದಕ್ಕೆ ಕೊಪ್ಪಳ ಜಿಲ್ಲೆಯ ಮರಕುಂಬಿ ಇದೆ. 2014ರ ಆಗಸ್ಟಿನಲ್ಲಿ ಗುಡಿಸಲುಗಳಿಗೆ ಬೆಂಕಿ ಇಟ್ಟರು. ಹತ್ತು ವರ್ಷ ಕಾದ ಮೇಲೆ, 2024ರ ಅಕ್ಟೋಬರಿನಲ್ಲಿ, 98 ಜನರಿಗೆ ಜೀವಾವಧಿ ಶಿಕ್ಷೆಯಾಯಿತು. ಚರಿತ್ರೆಯಲ್ಲಿ ಬರೆದಿಡಬೇಕಾದ ತೀರ್ಪು. ಮರುತಿಂಗಳೇ ಅವರಲ್ಲಿ ಬಹುತೇಕರಿಗೆ ಹೈಕೋರ್ಟು ಜಾಮೀನು ಕೊಟ್ಟಿತು. ಕ್ಷೌರದಂಗಡಿಯಲ್ಲಿ, ಹೋಟೆಲಿನಲ್ಲಿ ನಮ್ಮವರನ್ನು ಬಿಟ್ಟುಕೊಳ್ಳದ್ದಕ್ಕೆ ಎದ್ದ ಜಗಳ ಅದರ ಬೇರಿನಲ್ಲಿತ್ತು. ಆ ಅಂಗಡಿಯ ಬಾಗಿಲನ್ನು ಯಾವ ಜೈಲು ತೆರೆಸುತ್ತದೆ? 2023ರ ಡಿಸೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಯಲುವಹಳ್ಳಿಯ ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಬಂತು. ಅಮಾನತು, ಬಂಧನ ಎಲ್ಲ ಆಯಿತು, ಆಗಲೇಬೇಕಿತ್ತು. ಆ ಮಕ್ಕಳು ಇನ್ನೊಮ್ಮೆ ತರಗತಿಯಲ್ಲಿ ಕೂರುವಾಗ ಪಕ್ಕದ ಹುಡುಗನ ಕಣ್ಣಲ್ಲಿ ಏನು ನೋಡಬೇಕು? ಅದನ್ನು ಸರಿ ಮಾಡುವುದು ಯಾರ ಕೆಲಸ? ಇದನ್ನು ಓದುತ್ತಿರುವ ಮೇಷ್ಟ್ರುಗಳೇ, ನಿಮ್ಮ ಕೆಲಸ.

ಕಟ್ಟಿಕೊಡಿ ಅಂತ ಕೇಳುವುದು ನಮಗೆ ಹೊಸದೂ ಅಲ್ಲ. ಕೆ.ಜಿ.ಎಫ್.ನ ಒಣ ಕಕ್ಕಸುಗಳ ಮಲ ಹೊತ್ತವರ ಮನೆಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನ ಏನು ಕೇಳಿತು? ಕಕ್ಕಸು ಒಡೆಯಿರಿ, ಬೇರೆ ಬದುಕು ಕೊಡಿ, ಮಾಡಿದ್ದಕ್ಕೆ ಈ ದೇಶ ಕ್ಷಮೆ ಕೇಳಲಿ. ಗುಂಡಿಯಲ್ಲಿ ಸತ್ತವರಿಗೆ ಪರಿಹಾರ 2014ರಲ್ಲಿ 10 ಲಕ್ಷ, 2023ರಲ್ಲಿ 30 ಲಕ್ಷ ಎಂದು ಸುಪ್ರೀಂ ಕೋರ್ಟು ಹೇಳಿದ್ದರ ಹಿಂದೆ ಆ ಕೂಗು ಇದೆ. ಇನ್ನು ನಮ್ಮ ರಾಜ್ಯದ ಪಿ.ಟಿ.ಸಿ.ಎಲ್. ಕಾಯ್ದೆ, 1978ರದ್ದು. ದಲಿತರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಕಾನೂನು ಮೀರಿ ಕೊಂಡಿದ್ದರೆ ಅದನ್ನು ವಾಪಸ್ಸು ಪಡೆದು ಅವರಿಗೇ ಕೊಡಬೇಕು. ಜೈಲಿನ ಮಾತು ಹಿಂದೆ, ಭೂಮಿಯ ಮಾತು ಮುಂದೆ. ಪುನಃಸ್ಥಾಪನಾ ನ್ಯಾಯ ಅಂದರೆ ಇದಕ್ಕಿಂತ ಇನ್ನೇನು ಬೇಕು? ಆದರೆ ‘ತಡವಾಗಿ ಬಂದಿರಿ’ ಅಂತ ಎಷ್ಟೋ ಅರ್ಜಿಗಳು ಬಿದ್ದವು. ಕಾಲಮಿತಿ ಇಲ್ಲ ಎಂದು 2023ರಲ್ಲಿ ತಿದ್ದುಪಡಿ ತರಬೇಕಾಯಿತು. ರಾಜಿ ರಾಜಿ ಅನ್ನುವ ದೊಡ್ಡ ಮನುಷ್ಯರಿಗೆ ಹೇಳಿ: ಸ್ವಾಮೀ, ಒಂದೂರಲ್ಲಿ ಬಾಳೋಣ, ಆ ಎರಡು ಎಕರೆ ವಾಪಸ್ಸು ಕೊಡಿ. ಆವಾಗ ಅವರು ವಕೀಲರ ಮನೆಗೆ ಓಡುತ್ತಾರೆ! ರಾಜಿ ಮರೆತುಹೋಗುತ್ತದೆ, ಕೋರ್ಟು ನೆನಪಾಗುತ್ತದೆ.

ದಕ್ಷಿಣ ಆಫ್ರಿಕಾದಿಂದಲೂ ಒಂದು ಎಚ್ಚರಿಕೆ ಕಲಿಯಬೇಕು. ವರ್ಣಭೇದ ಮುಗಿದ ಮೇಲೆ ಬಿಷಪ್ ಟುಟು ಅವರ ಸತ್ಯ ಆಯೋಗದ ಮುಂದೆ ಕೊಂದವರು ಬಂದು ಕೊಂದೆವು ಎಂದು ಒಪ್ಪಿಕೊಂಡರು. ಅದು ಸಣ್ಣ ಮಾತಲ್ಲ, ಕಂಬಾಲಪಲ್ಲಿಗೆ ಅಷ್ಟೂ ಸಿಗಲಿಲ್ಲ. ಆದರೆ ಒಪ್ಪಿಕೊಂಡವರಿಗೆ ಕ್ಷಮಾದಾನ ಬೇಗ ಸಿಕ್ಕಿತು, ಸತ್ತವರ ಮನೆಗೆ ಪರಿಹಾರ ನಿಧಾನಕ್ಕೆ, ಚೂರುಪಾರು ಬಂತು. ಭೂಮಿಯ ಬಹುಪಾಲು ಬಿಳಿಯರ ಕೈಯಲ್ಲೇ ಉಳಿಯಿತು. ಕಣ್ಣೀರನ್ನು ಮಾತ್ರ ಹಂಚಿಕೊಂಡು ಭೂಮಿಯನ್ನು ಹಂಚಿಕೊಳ್ಳದ ನ್ಯಾಯ ಅರ್ಧ ನ್ಯಾಯ.

*

ಆದ್ದರಿಂದ ಊರಿನವರು ‘ಮಾತಾಡೋಣ ಬನ್ನಿ’ ಅಂತ ಕರೆದರೆ ನಮ್ಮ ಶರತ್ತುಗಳು ಹೀಗಿರಲಿ.

ಒಂದು, ಮೊದಲು ಕೇಸು, ಆಮೇಲೆ ಮಾತು. ಎಫ್.ಐ.ಆರ್. ಇಲ್ಲದೆ ಯಾವ ಕಟ್ಟೆಗೂ ಹೋಗಬೇಡಿ.

ಎರಡು, ಎಲ್ಲಿ ಕೂರಬೇಕು, ಯಾರು ಇರಬೇಕು ಅಂತ ಏಟು ತಿಂದವರು ಹೇಳಬೇಕು. ಎಲ್ಲರೂ ಒಂದೇ ಎತ್ತರದಲ್ಲಿ ಕೂರಬೇಕು. ನಮ್ಮವರು ನಿಂತಿರುವ ಸಭೆ ನ್ಯಾಯದ ಸಭೆಯಲ್ಲ.

ಮೂರು, ತಪ್ಪು ಮಾಡಿದವನು ತಪ್ಪು ಮಾಡಿದ ಜಾಗದಲ್ಲೇ ನಿಂತು, ತಾನು ಮಾಡಿದ್ದನ್ನು ತನ್ನ ಬಾಯಲ್ಲೇ ಹೇಳಬೇಕು. ‘ಏನೋ ಆಗೋಯ್ತು’ ಅನ್ನುವುದು ಒಪ್ಪಿಗೆಯಲ್ಲ.

ನಾಲ್ಕು, ಕಿತ್ತುಕೊಂಡದ್ದು ವಾಪಸ್ಸು ಬರಬೇಕು. ಕೂಲಿ, ಭೂಮಿ, ನೀರು, ದಾರಿ, ಆಸ್ಪತ್ರೆ ಖರ್ಚು. ಹಾರ, ಶಾಲು, ಒಟ್ಟಿಗೆ ತೆಗೆಸಿಕೊಂಡ ಫೋಟೋ ಬೇಡ.

ಐದು, ಬೇಡ ಅನ್ನುವ ಹಕ್ಕು ನಮ್ಮದು. ಯಾವ ಹೊತ್ತಿನಲ್ಲಾದರೂ ಎದ್ದು ಬರುವ ಹಕ್ಕು. ಕೊಲೆ, ಅತ್ಯಾಚಾರ, ಬೆಂಕಿ, ಇವುಗಳಲ್ಲಿ ಶಿಕ್ಷೆಗೆ ಬದಲಾಗಿ ಯಾವ ಮಾತೂ ಇಲ್ಲ.

ಈ ಐದೂ ಪುಸ್ತಕದಿಂದ ಬಂದವಲ್ಲ. ಆ ಕೈ ಮುರಿದ ಹೆಂಗಸು ಹೆಬ್ಬೆಟ್ಟು ಒತ್ತಲಿಲ್ಲ. ಕೇರಿಯ ಹತ್ತು ಮನೆ ಸೇರಿ ಅವಳಿಗೆ ಅಕ್ಕಿ ರಾಗಿ ಹಾಕಿದರು. ಡೇರಿಗೆ ಹಾಕದ ಹಾಲನ್ನು ಕೇರಿಯ ಮಕ್ಕಳೇ ಕುಡಿದರು. ನಾನು ಅವಳನ್ನು ಕೇಳಿದೆ: ನಿನಗೆ ಏನಾಗ್ಬೇಕವ್ವಾ, ಅವರು ಜೈಲಿಗೆ ಹೋಗ್ಬೇಕಾ, ದುಡ್ಡು ಬೇಕಾ? ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು ಅವಳಂದಳು:

"ಅದೇ ಬದುವಿನ ಮೇಲೆ ನಿಂತ್ಕೊಂಡು, ಎಲ್ಲಾರ್‍ನೂ ಕರೆಸಿ, ನಾನು ಹೊಡೆದೆ, ಅದು ತಪ್ಪು ಅಂತ ಹೇಳ್ಲಿ ಅಣ್ಣಾ. ನಂದು ಆರು ದಿನದ ಕೂಲಿ ಐತೆ, ಕೊಡ್ಲಿ. ಜೈಲಿಗೆ ಹಾಕೋದು ಬಿಡೋದು ಜಡ್ಜಿ ನೋಡ್ಕೊಳ್ಲಿ. ಆದ್ರೆ ನನ್ ಬಾಯಿಂದ ಮಾತ್ರ ರಾಜಿ ಅನ್ನಿಸ್ಬೇಡಿ."

ಈ ಅಭಿಪ್ರಾಯ ಟೀ ಅಂಗಡಿಯ ಬೆಂಚಿನ ಮೇಲೆ ಕೂರುವ ದಿನ ಬರಲಿ. ಅಲ್ಲಿಯವರೆಗೆ ಆ ಬೆಂಚಿನವರ ಮಾತನ್ನು ಸಾರ್ವಜನಿಕ ಅಭಿಪ್ರಾಯ ಅನ್ನಬೇಡಿ. ಊರಿನ ಅಭಿಪ್ರಾಯ ಅನ್ನಿ. ಕೇರಿಯನ್ನು ಇನ್ನೂ ಯಾರೂ ಕೇಳಿಲ್ಲ.